ಜೇನುಹುಳ ಅಳಿದರೆ ನಾಲ್ಕೇ ವರ್ಷದಲ್ಲಿ ಮನುಷ್ಯರೂ ಇಲ್ಲವೇ? ಫಾರ್ವರ್ಡ್ ಹೇಳುವುದೇನು, ಹೊಲದ ಸಂಶೋಧನೆ ಹೇಳುವುದೇನು

ನಿಮ್ಮ ವಾಟ್ಸಾಪ್ ಗುಂಪಿಗೂ ಇದು ಬಂದಿರಬಹುದು. ಒಂದು ಜೇನುಹುಳದ ಚಿತ್ರ, ಪಕ್ಕದಲ್ಲಿ ಐನ್‌ಸ್ಟೈನ್ ಮುಖ. ಕೆಳಗೆ, "ಭೂಮಿಯ ಮೇಲಿಂದ ಜೇನುಹುಳ ಮಾಯವಾದರೆ ಮನುಷ್ಯನಿಗೆ ಉಳಿಯುವುದು ನಾಲ್ಕೇ ವರ್ಷ" ಎಂಬ ಸಾಲು. ಕೆಲವೊಮ್ಮೆ ಅದರ ಜೊತೆಗೆ ಇನ್ನೊಂದು ಮಾತೂ ಸೇರಿರುತ್ತದೆ: "ಮೊಬೈಲ್ ಟವರ್‌ಗಳೇ ಜೇನುಹುಳಗಳನ್ನು ಕೊಲ್ಲುತ್ತಿವೆ, ಎಲ್ಲರಿಗೂ ಕಳಿಸಿ."

ಕಳಿಸುವವರ ಕಾಳಜಿ ಒಳ್ಳೆಯದೇ. ಆದರೆ ಸಂದೇಶದ ಎರಡು ಮಾತೂ ಸಾಕ್ಷಿಗೆ ನಿಲ್ಲುವುದಿಲ್ಲ. ನಮ್ಮ ಹೊಲ, ತೋಟಗಳಲ್ಲಿ ನಿಜವಾಗಿ ಆಗುತ್ತಿರುವುದನ್ನು ಈ ಸಂದೇಶ ಮುಚ್ಚಿಬಿಡುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ತೊಂದರೆ. ಒಂದೊಂದಾಗಿ ನೋಡೋಣ.

ಐನ್‌ಸ್ಟೈನ್ ಹೀಗೆ ಹೇಳಿದ್ದರೇ?

ಹೇಳಿದ್ದಕ್ಕೆ ದಾಖಲೆ ಇಲ್ಲ. ಐನ್‌ಸ್ಟೈನ್ ತೀರಿಕೊಂಡದ್ದು 1955ರಲ್ಲಿ. ಅವರ ಬರಹದಲ್ಲಾಗಲಿ ಭಾಷಣದಲ್ಲಾಗಲಿ ಈ ಮಾತು ಸಿಕ್ಕಿಲ್ಲ. ಇದಕ್ಕೆ ಹೆಚ್ಚು ಪ್ರಚಾರ ಸಿಕ್ಕಿದ್ದು 1994ರಲ್ಲಿ, ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ ಜೇನು ಸಾಕಣೆದಾರರು ಪ್ರತಿಭಟನೆ ನಡೆಸಿದಾಗ. ಅಲ್ಲಿ ಹಂಚಿದ ಕರಪತ್ರದಲ್ಲಿ ಈ ಸಾಲು ಐನ್‌ಸ್ಟೈನ್ ಹೆಸರಿನಲ್ಲಿತ್ತು. ಅವರು ಭೌತವಿಜ್ಞಾನಿ, ಕೀಟಗಳ ಬಗ್ಗೆ ಸಂಶೋಧನೆ ಮಾಡಿದವರಲ್ಲ.

"ಜೇನುಹುಳವೇ ಭೂಮಿಯ ಅತಿ ಮುಖ್ಯ ಜೀವಿ ಎಂದು ವಿಜ್ಞಾನಿಗಳು ಘೋಷಿಸಿದ್ದಾರೆ" ಎನ್ನುವುದೂ ಇದೇ ಜಾತಿಯ ಫಾರ್ವರ್ಡ್. ಅದರ ಮೂಲ 2008ರಲ್ಲಿ ಲಂಡನ್ನಿನಲ್ಲಿ ಅರ್ತ್‌ವಾಚ್ ಸಂಸ್ಥೆ ನಡೆಸಿದ ಒಂದು ಚರ್ಚೆ. ಬಾವಲಿ, ಶಿಲೀಂಧ್ರ, ಪ್ಲವಕ, ವಾನರ, ಜೇನುಹುಳ ಇವುಗಳಲ್ಲಿ ಯಾವುದು ಹೆಚ್ಚು ಬೆಲೆಯುಳ್ಳದ್ದು ಎಂದು ಐವರು ವಾದಿಸಿದರು. ಸಭಿಕರ ಮತದಲ್ಲಿ ಜೇನು ಗೆದ್ದಿತು. ಅದು ಸಭೆಯ ಮತ, ವಿಜ್ಞಾನದ ತೀರ್ಪಲ್ಲ.

ಜೇನು ಇಲ್ಲದಿದ್ದರೆ ಊಟ ನಿಂತುಹೋಗುತ್ತದೆಯೇ?

ಪೂರ್ತಿ ನಿಲ್ಲುವುದಿಲ್ಲ. ಹೊಟ್ಟೆ ತುಂಬಿಸುವ ಧಾನ್ಯಗಳಿಗೆ ಕೀಟಗಳ ಹಂಗಿಲ್ಲ. ಭತ್ತ, ರಾಗಿ, ಗೋಧಿಯ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಮೆಕ್ಕೆಜೋಳದ ಪರಾಗವನ್ನು ಗಾಳಿ ಒಯ್ಯುತ್ತದೆ. ಬಾಳೆಗೆ ಪರಾಗಸ್ಪರ್ಶವೇ ಬೇಡ.

2007ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಜಗತ್ತಿನ 115 ಮುಖ್ಯ ಆಹಾರ ಬೆಳೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ 87 ಬೆಳೆಗಳು ಒಂದಲ್ಲ ಒಂದು ಮಟ್ಟಕ್ಕೆ ಕೀಟ ಅಥವಾ ಪ್ರಾಣಿಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆ. ಆದರೆ ತೂಕದ ಲೆಕ್ಕದಲ್ಲಿ ಈ ಬೆಳೆಗಳ ಪಾಲು ಒಟ್ಟು ಉತ್ಪಾದನೆಯ ಶೇ. 35. ಸುಮಾರು ಶೇ. 60 ಬರುವುದು ಕೀಟಗಳು ಬೇಕಿಲ್ಲದ ಬೆಳೆಗಳಿಂದ.

ಅಂದರೆ ಮುದ್ದೆ, ಅನ್ನ ಉಳಿಯುತ್ತದೆ. ಪಕ್ಕದಲ್ಲಿ ಬಡಿಸುವುದಕ್ಕೆ ಕೊರತೆ ಬೀಳುತ್ತದೆ. ಕುಂಬಳ, ಸೋರೆ, ಹೀರೆ, ಸೌತೆ, ಕಲ್ಲಂಗಡಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಕೀಟ ಬಾರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಸೂರ್ಯಕಾಂತಿಯ ಕಾಳು ತುಂಬಲು ಜೇನಿನ ಸಹಾಯ ದೊಡ್ಡದು. ಮಾವು, ಏಲಕ್ಕಿ, ಕಾಫಿಗೂ ಕೀಟಗಳು ಬೇಕು. ನಮಗೆ ಎ ಮತ್ತು ಸಿ ವಿಟಮಿನ್ ಕೊಡುವ ಹಣ್ಣು, ತರಕಾರಿಗಳಲ್ಲಿ ಹೆಚ್ಚಿನವು ಈ ಪಟ್ಟಿಯಲ್ಲಿವೆ. ಹಾಗಾಗಿ ನಿಜವಾದ ಅಪಾಯ ಮನುಷ್ಯಕುಲ ನಾಲ್ಕು ವರ್ಷದಲ್ಲಿ ಅಳಿಯುವುದಲ್ಲ. ತಟ್ಟೆಯಲ್ಲಿನ ಪೌಷ್ಟಿಕತೆ ಕುಗ್ಗುವುದು, ರೈತರ ಆದಾಯ ಇಳಿಯುವುದು.

ಪರಾಗಸ್ಪರ್ಶ ಎಂದರೆ ಜೇನು ಮಾತ್ರವಲ್ಲ

ಪೆಟ್ಟಿಗೆಯಲ್ಲಿ ಸಾಕುವ ಜೇನೊಂದೇ ನಮ್ಮ ಕಣ್ಣಿಗೆ ಬೀಳುತ್ತದೆ. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಬಗೆಯ ಜೇನು ಮತ್ತು ದುಂಬಿಗಳಿವೆ. ನಮ್ಮಲ್ಲೇ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಇವೆ. ಇವಲ್ಲದೆ ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಬದುಕುವ ಹಲವು ಜಾತಿಗಳಿವೆ.

ಕೆಲಸವೂ ಹಂಚಿಕೆಯಾಗಿದೆ. ಬದನೆ ಹೂವಿನ ಪರಾಗ ಸಣ್ಣ ರಂಧ್ರದ ಕೊಳವೆಯೊಳಗಿರುತ್ತದೆ. ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ಹಿಡಿದು ಗುಂಯ್ ಎಂದು ನಡುಗಿಸಿದಾಗ ಅದು ಉದುರುತ್ತದೆ. ಪೆಟ್ಟಿಗೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಮಾವಿನ ಹೂವಿಗೆ ನೊಣಗಳ ಸೇವೆ ದೊಡ್ಡದು. ಸಂಜೆ ಅರಳುವ ಸೋರೆ ಹೂವಿಗೆ ರಾತ್ರಿ ಹಾರುವ ಪತಂಗಗಳು ಬರುತ್ತವೆ.

ಜಗತ್ತಿನಲ್ಲಿ ಸಾಕುವ ಜೇನು ಕುಟುಂಬಗಳ ಒಟ್ಟು ಸಂಖ್ಯೆ ಕಳೆದ ಐದು ದಶಕಗಳಲ್ಲಿ ಹೆಚ್ಚಿದೆ. ಹೆಚ್ಚು ಅಪಾಯದಲ್ಲಿರುವುದು ಯಾರೂ ಸಾಕದ, ಯಾರೂ ಎಣಿಸದ ಕಾಡು ಕೀಟಗಳು.

ಟವರ್ ಕಥೆ ಎಲ್ಲಿಂದ ಬಂತು?

2007ರಲ್ಲಿ ಅಮೆರಿಕದಲ್ಲಿ ಜೇನು ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಖಾಲಿಯಾಗುತ್ತಿದ್ದವು. ಅದೇ ಹೊತ್ತಿಗೆ ಜರ್ಮನಿಯ ಲಾಂಡೌ ವಿಶ್ವವಿದ್ಯಾಲಯದ ಒಂದು ಸಣ್ಣ ಪ್ರಯೋಗ ಪತ್ರಿಕೆಗಳಲ್ಲಿ "ಮೊಬೈಲ್‌ನಿಂದ ಜೇನು ನಾಶ" ಎಂದು ಸುದ್ದಿಯಾಯಿತು. ಆ ಪ್ರಯೋಗದಲ್ಲಿ ಮೊಬೈಲ್ ಇರಲೇ ಇಲ್ಲ. ಮನೆಯ ಕಾರ್ಡ್‌ಲೆಸ್ ಫೋನಿನ ತಳಘಟಕವನ್ನು ಜೇನುಪೆಟ್ಟಿಗೆಗೇ ಅಳವಡಿಸಿ ನೋಡಿದ್ದರು. ಇದರಿಂದ ಮೊಬೈಲ್ ಬಗ್ಗೆ ತೀರ್ಮಾನಕ್ಕೆ ಬರಲಾಗದು ಎಂದು ಆ ಸಂಶೋಧಕರೇ ಹೇಳಿದರು. ಗೂಡಿನೊಳಗೆ ಫೋನ್ ಇಟ್ಟು ಮಾಡಿದ ಪ್ರಯೋಗಗಳು ಬೇರೆಯೂ ಇವೆ. ಆದರೆ ಗೂಡಿನೊಳಗಿನ ಫೋನ್‌ಗೂ ದೂರದ ಟವರ್‌ಗೂ ಬಹಳ ವ್ಯತ್ಯಾಸವಿದೆ.

ನಮ್ಮ ಊರಿನ ಚರಿತ್ರೆಯೂ ಒಂದು ಸುಳಿವು ಕೊಡುತ್ತದೆ. ದಕ್ಷಿಣ ಭಾರತದಲ್ಲಿ ತುಡುವೆ ಜೇನು ಕುಟುಂಬಗಳು ದೊಡ್ಡ ಪ್ರಮಾಣದಲ್ಲಿ ಸತ್ತದ್ದು 1991-92ರ ಸುಮಾರಿಗೆ. ಕಾರಣ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಭಾರತದಲ್ಲಿ ಮೊಬೈಲ್ ಸೇವೆ ಶುರುವಾದದ್ದೇ 1995ರಲ್ಲಿ.

ಪರಾಗಸ್ಪರ್ಶಕಗಳ ಬಗ್ಗೆ 2016ರಲ್ಲಿ ಅಂತರರಾಷ್ಟ್ರೀಯ ಮಟ್ಟದ ದೊಡ್ಡ ವರದಿಯೊಂದು ಬಂತು. ಅದು ಪಟ್ಟಿ ಮಾಡಿದ ಮುಖ್ಯ ಕಾರಣಗಳು ಇವು: ಭೂಬಳಕೆಯ ಬದಲಾವಣೆ, ಕೀಟನಾಶಕ ಮತ್ತು ಒತ್ತಡದ ಬೇಸಾಯ, ರೋಗಗಳು, ಹೊರಗಿನಿಂದ ಬಂದ ಜೀವಿಗಳು, ಹವಾಮಾನ ಬದಲಾವಣೆ. ಈ ಲೇಖನದ ಉಳಿದ ಭಾಗ ಆ ಕೊನೆಯ ಕಾರಣದ ಬಗ್ಗೆ.

ಬಿಸಿ ಹೆಚ್ಚಿದರೆ ಹೂವಿಗೆ, ಹುಳಕ್ಕೆ ಏನಾಗುತ್ತದೆ?

ಮೊದಲನೆಯದು, ಪರಾಗವೇ ಕೆಡುತ್ತದೆ. ಭತ್ತ ಹೂ ಬಿಡುವ ಹೊತ್ತಿನಲ್ಲಿ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಲಸ ಮಾಡದೆ ಕಾಳು ಜೊಳ್ಳಾಗುತ್ತದೆ. ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಇಲ್ಲಿ ಜೇನು ಇದ್ದರೂ ಪ್ರಯೋಜನವಿಲ್ಲ.

ಎರಡನೆಯದು, ಹೂವಿನಲ್ಲಿ ಸಿಗುವುದು ಕಡಿಮೆಯಾಗುತ್ತದೆ. ಮಣ್ಣಿನಲ್ಲಿ ತೇವ ಇಲ್ಲದಾಗ ಗಿಡ ಕಡಿಮೆ ಹೂ ಬಿಡುತ್ತದೆ, ಹೂವಿನಲ್ಲಿ ಮಕರಂದವೂ ಕಡಿಮೆ.

ಮೂರನೆಯದು, ಹುಳದ ದುಡಿಮೆ ಬೇರೆ ಕಡೆ ಹೋಗುತ್ತದೆ. ಜೇನುಗೂಡಿನಲ್ಲಿ ಮರಿಗಳಿರುವ ಜಾಗವನ್ನು ಸುಮಾರು 34-35 ಡಿಗ್ರಿಯಲ್ಲೇ ಕಾಪಾಡಬೇಕು. ಹೊರಗೆ ಬಿಸಿಲು ಏರಿದಾಗ ಹುಳಗಳು ನೀರು ತಂದು ಸಿಂಪಡಿಸಿ ರೆಕ್ಕೆ ಬೀಸುತ್ತವೆ. ನೀರಿಗೆ ಹೋದ ಹುಳ ಆ ಹೊತ್ತು ಹೂವಿಗೆ ಹೋಗುವುದಿಲ್ಲ.

ನಾಲ್ಕನೆಯದು, ಹೊತ್ತು ತಪ್ಪುತ್ತದೆ. ಕುಂಬಳ ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಹೂವಿನ ಕಾಲವೂ ಹುಳದ ಕಾಲವೂ ಕೂಡಿಬರಬೇಕು. ಜಪಾನಿನ ಹೊಕ್ಕೈಡೊದಲ್ಲಿ ಹಿಮ ಬೇಗ ಕರಗಿದ ವರ್ಷಗಳಲ್ಲಿ ಒಂದು ಕಾಡುಹೂ ದುಂಬಿಗಳು ಹೊರಬರುವ ಮೊದಲೇ ಅರಳಿತು, ಬೀಜ ಕಡಿಮೆಯಾಯಿತು. ಎಲ್ಲ ಕಡೆ ಹೀಗೇ ಆಗುತ್ತದೆ ಎಂದಲ್ಲ. ಈಶಾನ್ಯ ಅಮೆರಿಕದ ಮ್ಯೂಸಿಯಂಗಳಲ್ಲಿದ್ದ ಹಳೆಯ ಕೀಟಗಳ ಚೀಟಿಗಳನ್ನು ಪರಿಶೀಲಿಸಿದ 2011ರ ಅಧ್ಯಯನವೊಂದರಲ್ಲಿ, 130 ವರ್ಷಗಳಲ್ಲಿ ಹತ್ತು ಜಾತಿಯ ಕಾಡುಜೇನುಗಳು ಹೊರಬರುವ ಕಾಲ ಸುಮಾರು 10 ದಿನ ಮುಂಚಿತವಾಗಿತ್ತು. ಅವು ಹೋಗುವ ಹೂಗಳೂ ಹೆಚ್ಚುಕಡಿಮೆ ಅಷ್ಟೇ ಮುಂದೆ ಬಂದಿದ್ದವು. ಜೋಡಿ ತಪ್ಪಿರಲಿಲ್ಲ.

ಇದನ್ನೆಲ್ಲ ಅಳೆಯುವುದು ಹೇಗೆ?

"ಮೊದಲು ಎಷ್ಟೊಂದು ಚಿಟ್ಟೆ ಇದ್ದವು" ಎಂಬ ನೆನಪು ಸಾಕ್ಷಿಯಾಗುವುದಿಲ್ಲ. ಸಂಶೋಧಕರು ಬಳಸುವ ದಾರಿಗಳು ಸರಳವಾಗಿವೆ, ಆದರೆ ತಾಳ್ಮೆ ಬೇಕು.

ಚೀಲ ಕಟ್ಟುವುದು: ಒಂದೇ ಗಿಡದ ಕೆಲವು ಹೂಗಳಿಗೆ ಬಲೆಯ ಚೀಲ ಕಟ್ಟಿ ಕೀಟ ತಡೆಯುತ್ತಾರೆ, ಕೆಲವನ್ನು ಹಾಗೇ ಬಿಡುತ್ತಾರೆ, ಕೆಲವಕ್ಕೆ ಕೈಯಿಂದ ಪರಾಗ ಹಚ್ಚುತ್ತಾರೆ. ಕೊನೆಗೆ ಕಾಯಿ ಎಣಿಸುತ್ತಾರೆ. ಕೈಯಿಂದ ಹಚ್ಚಿದ್ದರಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚು ಕಾಯಿ ಬಂದರೆ ಆ ಹೊಲದಲ್ಲಿ ಕೀಟ ಸಾಲುತ್ತಿಲ್ಲ ಎಂದರ್ಥ.

ನಡೆದು ಎಣಿಸುವುದು: ನಿಗದಿತ ಗೆರೆಯಲ್ಲಿ, ನಿಗದಿತ ಹೊತ್ತಿನಲ್ಲಿ ನಡೆಯುತ್ತಾ ಯಾವ ಹೂವಿಗೆ ಯಾವ ಹುಳ ಬಂತು ಎಂದು ಬರೆದುಕೊಳ್ಳುತ್ತಾರೆ. ಹಳದಿ, ಬಿಳಿ, ನೀಲಿ ಬಟ್ಟಲುಗಳಲ್ಲಿ ಸೋಪಿನ ನೀರಿಟ್ಟು ಬಿದ್ದ ಕೀಟಗಳನ್ನು ಗುರುತಿಸುವುದೂ ಉಂಟು.

ಹಳೆಯ ದಾಖಲೆಯ ಜೊತೆ ಹೋಲಿಸುವುದು: ಅಮೆರಿಕದ ಇಲಿನಾಯ್ ರಾಜ್ಯದ ಕಾರ್ಲಿನ್‌ವಿಲ್ ಸುತ್ತ ಚಾರ್ಲ್ಸ್ ರಾಬರ್ಟ್‌ಸನ್ ಎಂಬ ಪ್ರಕೃತಿ ವೀಕ್ಷಕರು 19ನೇ ಶತಮಾನದ ಕೊನೆಯಲ್ಲಿ ಯಾವ ಹೂವಿಗೆ ಯಾವ ಜೇನು ಬರುತ್ತದೆ ಎಂದು ಬರೆದಿಟ್ಟಿದ್ದರು. ಸುಮಾರು 120 ವರ್ಷಗಳ ನಂತರ ಸಂಶೋಧಕರು ಅದೇ ಊರಿಗೆ ಹೋಗಿ ಮತ್ತೆ ಎಣಿಸಿದರು. ನಡುವೆ ಅಲ್ಲಿನ ಕಾಡು, ಹುಲ್ಲುಗಾವಲು ಬಹುಪಾಲು ಹೊಲವಾಗಿತ್ತು, ಹವೆಯೂ ಬಿಸಿಯಾಗಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶ: ಹಿಂದೆ ದಾಖಲಾಗಿದ್ದ 109 ಜೇನು ಜಾತಿಗಳಲ್ಲಿ ಅರ್ಧದಷ್ಟು ಕಾಣಲಿಲ್ಲ. ಹೂವು ಮತ್ತು ಜೇನಿನ 532 ಜೋಡಿಗಳಲ್ಲಿ ಉಳಿದದ್ದು 125.

ಹಳೆಯ ಬೀಜ ಬಿತ್ತುವುದು: ಪ್ಯಾರಿಸ್ ಸುತ್ತಲಿನ ಹೊಲಗಳಲ್ಲಿ ಫೀಲ್ಡ್ ಪ್ಯಾನ್ಸಿ ಎಂಬ ಪುಟ್ಟ ಕಳೆಗಿಡ ಬೆಳೆಯುತ್ತದೆ. ಸುಮಾರು 20-30 ವರ್ಷ ಹಿಂದೆ ತೆಗೆದಿಟ್ಟಿದ್ದ ಬೀಜವನ್ನೂ 2021ರ ಬೀಜವನ್ನೂ ಸಂಶೋಧಕರು ಒಟ್ಟಿಗೆ ಬೆಳೆಸಿದರು. ಹೊಸ ಗಿಡದ ಹೂವು ಸುಮಾರು ಶೇ. 10 ಚಿಕ್ಕದಾಗಿತ್ತು, ಮಕರಂದ ಶೇ. 20 ಕಡಿಮೆ ಇತ್ತು, ದುಂಬಿಗಳೂ ಕಡಿಮೆ ಬಂದವು. ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟುವುದು ಹೆಚ್ಚಾಗಿತ್ತು. ಕೀಟ ಕಡಿಮೆಯಾದದ್ದಕ್ಕೆ ಗಿಡ ಹೀಗೆ ಹೊಂದಿಕೊಂಡಿದೆ ಎಂಬುದು ಸಂಶೋಧಕರ ವಿವರಣೆ. ಆದರೆ ಮಕರಂದ ಇಳಿದರೆ ಕೀಟ ಇನ್ನೂ ಸೊರಗುತ್ತದೆ. ಇದು ಹಗ್ಗ ಎರಡೂ ಕಡೆಯಿಂದ ಸವೆದಂತೆ.

ನಮ್ಮಲ್ಲಿ: ಹೂಮಳೆ ಕಾಯುವ ಕಾಫಿ

ಹವಾಮಾನ, ಹೂವು, ಕೀಟ ಮೂರೂ ಹೇಗೆ ಹೆಣೆದುಕೊಂಡಿವೆ ಎಂದು ನೋಡಲು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಕ್ಕಿಂತ ಒಳ್ಳೆಯ ಜಾಗ ಬೇಡ. ಕಾಫಿ ಮೊಗ್ಗುಗಳು ಬೇಸಿಗೆಯ ಮೊದಲ ಮಳೆಗೆ ಕಾಯುತ್ತವೆ. ಬೆಳೆಗಾರರು ಅದನ್ನು ಹೂಮಳೆ ಎನ್ನುತ್ತಾರೆ. ಮಳೆ ಬಿದ್ದ ಒಂದು ವಾರದಿಂದ ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಹೂವು ಇರುವುದು ಎರಡು ಮೂರು ದಿನ ಮಾತ್ರ.

ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೈಯಲ್ಲೋ ಬರಬೇಕು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮತ್ತು ಸ್ವಿಟ್ಜರ್ಲೆಂಡಿನ ಇಟಿಎಚ್ ಜೂರಿಕ್ ಸಂಶೋಧಕರೂ ಇದ್ದ ತಂಡ ಕೊಡಗಿನಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖ್ಯ ಪರಾಗಸ್ಪರ್ಶಕವಾಗಿ ಕಂಡದ್ದು ಹೆಜ್ಜೇನು. ತುಡುವೆ, ಮುಜಂಟಿಗಳೂ ಇದ್ದವು. ಜೇನು ಬಂದ ಕಡೆ ಕಾಯಿ ಹೆಚ್ಚು ಕಟ್ಟಿತ್ತು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಅದಕ್ಕೆ ಎತ್ತರದ ಮರ ಬೇಕು, ಹತ್ತಿರದಲ್ಲಿ ಕಾಡು ಅಥವಾ ದೇವರಕಾಡು ಬೇಕು. ಅದು ಋತುವಿಗೆ ತಕ್ಕಂತೆ ಊರು ಬದಲಿಸುವ ಜೇನು.

ಈಗ ಯೋಚಿಸಿ. ಹೂಮಳೆ ಜನವರಿಯಲ್ಲೇ ಬಂದರೆ ಕೊಯ್ಲು ಮುಗಿಯದ ಗಿಡದಲ್ಲಿ ಹೂ ಬಿಡುತ್ತದೆ. ತಡವಾದರೆ ಮೊಗ್ಗು ಒಣಗುತ್ತದೆ. ಹೂ ಅರಳಿದ ದಿನವೇ ಮಳೆ ಬಿದ್ದರೆ ಪರಾಗ ತೊಳೆದುಹೋಗುತ್ತದೆ, ಜೇನೂ ಗೂಡು ಬಿಟ್ಟು ಬರುವುದಿಲ್ಲ. ಸ್ಪ್ರಿಂಕ್ಲರ್ ಇರುವವರು ನೀರು ಹಾರಿಸಿ ಹೂ ಬಿಡಿಸಿಕೊಳ್ಳುತ್ತಾರೆ, ಕೆರೆಯಲ್ಲಿ ನೀರಿದ್ದರೆ. ಇಲ್ಲದವರಿಗೆ ಎರಡು ಮೂರು ದಿನದ ಮೇಲೆ ಇಡೀ ವರ್ಷದ ಲೆಕ್ಕ ನಿಂತಿರುತ್ತದೆ.

ಬಿಸಿಗೆ ಹೊಲ ಸೇರಿದಾಗ

ಇಷ್ಟೆಲ್ಲದರಲ್ಲಿ ನೆನಪಿಡಬೇಕಾದ ಒಂದು ಫಲಿತಾಂಶವಿದೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಜಗತ್ತಿನ ಸುಮಾರು 6,000 ಜಾಗಗಳ, 18,000ದಷ್ಟು ಕೀಟ ಜಾತಿಗಳ ದತ್ತಾಂಶ ಒಟ್ಟುಗೂಡಿಸಿತು. ಹವೆ ಹೆಚ್ಚು ಬಿಸಿಯಾಗಿರುವ ಮತ್ತು ಒತ್ತಡದ ಬೇಸಾಯವೂ ಇರುವ ಕಡೆ, ಹೆಚ್ಚು ಬಿಸಿಯಾಗದ ನೈಸರ್ಗಿಕ ಜಾಗಗಳಿಗಿಂತ ಕೀಟಗಳ ಸಂಖ್ಯೆ ಸುಮಾರು ಶೇ. 49 ಕಡಿಮೆ ಇತ್ತು. ಎರಡು ಪೆಟ್ಟು ಒಟ್ಟಿಗೆ ಬಿದ್ದರೆ ಗಾಯ ದೊಡ್ಡದು.

ಅದೇ ಅಧ್ಯಯನದಲ್ಲಿ ಸಮಾಧಾನದ ಮಾತೂ ಇದೆ. ಹವೆ ಬಿಸಿಯಾಗಿದ್ದರೂ ಹಗುರ ಬೇಸಾಯವಿದ್ದು, ಸುತ್ತಲಿನ ಜಾಗದ ಮುಕ್ಕಾಲು ಪಾಲು ನೈಸರ್ಗಿಕವಾಗಿ ಉಳಿದಿದ್ದ ಕಡೆ ಕೀಟಗಳು ಕಡಿಮೆಯಾದದ್ದು ಶೇ. 7 ಮಾತ್ರ. ಸುತ್ತಲೂ ಕಾಲು ಪಾಲಷ್ಟೇ ಉಳಿದಿದ್ದ ಕಡೆ ಶೇ. 63. ಮರದ ನೆರಳು, ತೇವದ ಮಣ್ಣು, ಬೇರೆ ಬೇರೆ ಕಾಲಕ್ಕೆ ಅರಳುವ ಗಿಡ ಇರುವ ಕಡೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಕೀಟಕ್ಕೆ ಜಾಗ ಸಿಗುತ್ತದೆ. ಬದು ಕಡಿದು, ಬೇಲಿ ಕಿತ್ತು, ಒಂದೇ ಬೆಳೆ ಹರಡಿದ ಕಡೆ ಸಿಗುವುದಿಲ್ಲ.

ಜಗತ್ತಿನ ತಾಪ ಇಳಿಸುವುದು ಒಬ್ಬ ರೈತನ ಕೈಯಲ್ಲಿಲ್ಲ. ಆದರೆ ಬದು, ಬೇಲಿ ಉಳಿಸುವುದು ಕೈಯಲ್ಲಿದೆ.

ನೀವು ಏನು ಮಾಡಬಹುದು?

- ಹೊಲದ ಬದುವಿನಲ್ಲಿ ಹೊಂಗೆ, ಬೇವು, ನೇರಳೆ, ಹುಣಸೆಯಂಥ ಮರ, ತುಂಬೆಯಂಥ ಗಿಡ ಉಳಿಸಿ. ಬೆಳೆಯಲ್ಲಿ ಹೂ ಇಲ್ಲದ ದಿನಗಳಲ್ಲಿ ಕೀಟ ಬದುಕುವುದು ಇವುಗಳಿಂದ.
- ಬದುವಿನ ಒಂದಿಷ್ಟು ನೆಲವನ್ನು ಉಳದೆ ಬಿಡಿ. ನೆಲದಲ್ಲಿ ಗೂಡು ಮಾಡುವ ಜೇನುಗಳಿಗೆ ಅದೇ ಮನೆ. ಕಪ್ಪು ದುಂಬಿಗೆ ಒಣ ಮರದ ತುಂಡು ಸಾಕು.
- ಬೆಳೆ ಹೂವಿನಲ್ಲಿರುವಾಗ ಕೀಟನಾಶಕ ಸಿಂಪಡಿಸಬೇಡಿ. ತಪ್ಪದಿದ್ದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಸಿಂಪಡಿಸಿ.
- ಬೇಸಿಗೆಯಲ್ಲಿ ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ. ಕಲ್ಲಿನ ಮೇಲೆ ಕೂತು ಹುಳ ಕುಡಿಯುತ್ತದೆ, ಮುಳುಗುವುದಿಲ್ಲ.
- ಕಟ್ಟಡದಲ್ಲಿ ಹೆಜ್ಜೇನು ಕಟ್ಟಿದರೆ ಬೆಂಕಿ ಹಚ್ಚಬೇಡಿ. ಅಪಾಯವಿಲ್ಲದ ಜಾಗವಾದರೆ ಕಾಯಿರಿ, ಋತು ಮುಗಿದಾಗ ಅದೇ ಹೋಗುತ್ತದೆ. ಅಪಾಯವಿದ್ದರೆ ತಿಳಿದವರನ್ನು ಕರೆಯಿರಿ.
- ಜೇನುಪೆಟ್ಟಿಗೆ ಇಡುವುದು ಒಳ್ಳೆಯದು, ಆದರೆ ಅದೊಂದೇ ಪರಿಹಾರವಲ್ಲ. ಬದನೆ ಹೂವಿನ ಕಥೆ ನೆನಪಿಡಿ.

ಇನ್ನೊಂದು ಕೆಲಸ ನಿಮ್ಮ ಕೈಯಲ್ಲಿರುವ ಫೋನಿನದ್ದೇ. ಕಾರ್ಲಿನ್‌ವಿಲ್‌ನಂಥ ಹಳೆಯ ದಾಖಲೆಗಳು ನಮ್ಮ ಹೊಲಗಳ ಬಗ್ಗೆ ಬಹಳ ಕಡಿಮೆ. ಮನೆಯ ಮುಂದಿನ ಹೊಂಗೆ, ಮಾವು ಈ ವರ್ಷ ಯಾವ ವಾರ ಹೂ ಬಿಟ್ಟಿತು ಎಂದು ಬರೆದಿಡಿ. ಸೀಸನ್‌ವಾಚ್ ಎಂಬ ಭಾರತದ ನಾಗರಿಕ ವಿಜ್ಞಾನ ಯೋಜನೆಗೆ ಮರದ ಚಿಗುರು, ಹೂ, ಕಾಯಿಯ ವಿವರವನ್ನು ಯಾರು ಬೇಕಾದರೂ ಕಳಿಸಬಹುದು. ಇಂದು ನೀವು ಬರೆದ ತಾರೀಖು ಮುಂದೊಂದು ದಿನ ಹೋಲಿಕೆಗೆ ಬರುತ್ತದೆ.

ಒಟ್ಟಿನಲ್ಲಿ

"ಜೇನು ಅಳಿದರೆ ನಾಲ್ಕು ವರ್ಷದಲ್ಲಿ ಮನುಷ್ಯ ಇಲ್ಲ": ಸುಳ್ಳು, ಐನ್‌ಸ್ಟೈನ್ ಹೇಳಿದ್ದಕ್ಕೆ ದಾಖಲೆಯೂ ಇಲ್ಲ.

"ಮೊಬೈಲ್ ಟವರ್‌ನಿಂದಲೇ ಜೇನು ನಾಶ": ಸಾಬೀತಾಗಿಲ್ಲ. ಮುಖ್ಯ ಕಾರಣಗಳು ಬೇರೆ.

"ಬಿಸಿಯಾಗುತ್ತಿರುವ ಹವೆ, ಆಸರೆ ಇಲ್ಲದ ಹೊಲ ಎರಡೂ ಸೇರಿ ಕೀಟಗಳನ್ನು ಕಡಿಮೆ ಮಾಡುತ್ತಿವೆ, ಅದರಿಂದ ಹಣ್ಣು, ತರಕಾರಿ, ಕಾಫಿಗೆ ಅಪಾಯವಿದೆ": ನಿಜ.

ಮುಂದಿನ ಸಲ ಐನ್‌ಸ್ಟೈನ್ ಚಿತ್ರ ಬಂದಾಗ ಕಳಿಸಿದವರ ಜೊತೆ ಜಗಳ ಬೇಡ. ಕೊನೆಯ ಈ ಸಾಲನ್ನು ಕಳಿಸಿ, ಜೊತೆಗೆ ನಿಮ್ಮ ಬದುವಿನ ಹೊಂಗೆ ಹೂವಿನ ಫೋಟೋ ಒಂದಿರಲಿ.